ರೇಟಿಂಗ್ ಮುಗಿಯುವ ಮೊದಲೇ ಮೋಡದೊಳಗೆ ಹೋಗು

ತಮ್ಮಾ, ಹಾವೇರಿಯಿಂದ ಫೀನಿಕ್ಸ್‌ಗೆ ಬಂದು ಪ್ರೈವೇಟ್ ಪೈಲಟ್ ಪರವಾನಗಿ ಪಡೆದಿದ್ದೀಯ ಎಂದು ಓದಿ ಮನಸ್ಸು ತುಂಬಿತು. ಮುಂದಿನದು ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಹೊರಗೆ ಏನೂ ಕಾಣದ ಮೋಡದಲ್ಲಿ ಉಪಕರಣಗಳನ್ನು ನೋಡಿಯೇ ಹಾರಲು ಬೇಕಾದ ಅರ್ಹತೆ. ‘ಅಕ್ಕಾ, 40 ಗಂಟೆ ಸಾಕೇ? ಸಿಮ್ಯುಲೇಟರ್ ಲೆಕ್ಕಕ್ಕೆ ಬರುತ್ತದೆಯೇ? ಊಟ, ರೂಮು ಹೇಗೆ?’ ಎಂದು ಕೇಳಿದ್ದೀಯ.

ಊಟದ ಚಿಂತೆ ಬಿಡು, ಚಾಂಡ್ಲರ್ ಕಡೆಯ ನಮ್ಮವರ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ರೂಮನ್ನು ಜೊತೆಯ ಹುಡುಗರೊಂದಿಗೆ ಹಂಚಿಕೊ. ಅಮ್ಮನಿಗೆ ವಾರಕ್ಕೊಮ್ಮೆಯಾದರೂ ಫೋನ್ ಮಾಡು.

ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ ನಿಯಮಾವಳಿಯ ಭಾಗ 61ರಂತೆ, ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ಹೊತ್ತು, 50 ಗಂಟೆಯ ಕ್ರಾಸ್‌ಕಂಟ್ರಿ (ದೂರದ ಬೇರೆ ನಿಲ್ದಾಣಕ್ಕೆ) ಹಾರಾಟ ಬೇಕು. ಹೊರಗೆ ನೋಡದೆ ಉಪಕರಣಗಳನ್ನಷ್ಟೇ ನೆಚ್ಚಿ ಹಾರಿದ್ದು 40 ಗಂಟೆ ಇರಬೇಕು; ಅದರಲ್ಲಿ ಕನಿಷ್ಠ 15 ಗಂಟೆ ಅಧಿಕೃತ ಬೋಧಕರ ಜೊತೆಗೆ. ಮಾನ್ಯತೆ ಪಡೆದ ಸುಧಾರಿತ ಸಿಮ್ಯುಲೇಟರ್ ಸಾಧನದಲ್ಲಿ 20 ಗಂಟೆಯವರೆಗೆ ಲೆಕ್ಕಕ್ಕೆ ಹಿಡಿಯುತ್ತಾರೆ, ಸಾಧಾರಣ ಸಾಧನದಲ್ಲಿ 10. ನಿನ್ನ ಶಾಲೆ ಭಾಗ 141ರದ್ದಾದರೆ, ಅಂದರೆ ಎಫ್‌ಎಎ ಒಪ್ಪಿದ ಪಠ್ಯಕ್ರಮದ ಶಾಲೆಯಾದರೆ, ಕನಿಷ್ಠ ಅವಧಿ 35 ಗಂಟೆ. ಲಿಖಿತ ಪರೀಕ್ಷೆಯಲ್ಲಿ 60 ಪ್ರಶ್ನೆ, ಉತ್ತೀರ್ಣಕ್ಕೆ ಶೇಕಡಾ 70, ಓದುವವನಿಗೆ ಕಷ್ಟವಲ್ಲ. 40 ಎಂಬುದು ಕನಿಷ್ಠ ಮಿತಿ ಮಾತ್ರ. ಅಷ್ಟರಲ್ಲೇ ಮುಗಿಯುತ್ತದೆಂದು ಅಪ್ಪನ ಹತ್ತಿರ ಲೆಕ್ಕ ಹಾಕಿ ಹಣ ಕೇಳಬೇಡ, ಕೈಯಲ್ಲಿ ಸ್ವಲ್ಪ ಹೆಚ್ಚಿಗೆ ಇರಲಿ.

ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ತೀರ್ಥಹಳ್ಳಿಯ ಮಳೆಗಾಲದಿಂದ ಎದ್ದು ಬಂದ ನನಗೆ ಅರಿಜೋನಾದ ಜೂನ್ ಆಕಾಶ ವರವಾಗಿ ಕಂಡಿತ್ತು. ದಿನವೂ ಹಾರಬಹುದು, ಬೇಗ ಮುಗಿಸಬಹುದು. ಮುಗಿಯಿತು ಕೂಡ. ಆದರೆ ನನ್ನ ಅಷ್ಟೂ ಗಂಟೆಗಳು ಹಣೆಗೆ ಹುಡ್, ಅಂದರೆ ಹೊರಗಿನದು ಕಾಣದಂತೆ ತಡೆಯುವ ಮರೆ, ಕಟ್ಟಿಕೊಂಡು ಹಾರಿದವು. ಹುಡ್ ಕಿಟಕಿಯನ್ನು ಮರೆಮಾಡುತ್ತದೆ, ಬಿಸಿಲನ್ನು ಮರೆಮಾಡುವುದಿಲ್ಲ. ವಿಮಾನ ತಿರುಗಿದರೆ ಪ್ಯಾನೆಲ್ ಮೇಲಿನ ನೆರಳು ಸರಿಯುತ್ತದೆ, ಕಣ್ಣಂಚಿನಲ್ಲಿ ಅದನ್ನು ಹಿಡಿದೇ ಮೈ ಸಮತೋಲನ ಕಂಡುಕೊಳ್ಳುತ್ತದೆ. ಮೋಡದಲ್ಲಿ ಆ ನೆರಳಿಲ್ಲ.

ನಿಜವಾದ ಮೋಡ ನನಗೆ ಸಿಕ್ಕಿದ್ದು ರೇಟಿಂಗ್ ಬಂದ ಮೇಲೆ, ಸ್ಯಾನ್ ಡಿಯಾಗೋ ಕರಾವಳಿಯಲ್ಲಿ. ಪಕ್ಕದಲ್ಲಿ ಬೋಧಕರಿದ್ದರು. ಗಾಜಿನ ಮೇಲೆ ನೀರಿನ ಹನಿಗಳು ಮೇಲ್ಮುಖವಾಗಿ ಓಡುತ್ತಿದ್ದವು. ಒಂದು ತಿರುವು ಮುಗಿಸಿ ರೆಕ್ಕೆ ಸಮ ಮಾಡಿದೆವು. ವಿಮಾನದ ವಾಲಿಕೆ ತೋರುವ ಆಟಿಟ್ಯೂಡ್ ಇಂಡಿಕೇಟರ್ ಸಮವೆಂದೇ ತೋರಿಸುತ್ತಿತ್ತು, ಆದರೆ ನನ್ನ ಇಡೀ ದೇಹ ಎಡಕ್ಕೆ ಉರುಳುತ್ತಿದ್ದೇನೆಂದು ಕೂಗುತ್ತಿತ್ತು. ಬೋಧಕರು ಮಾತಾಡದೆ ಪೆನ್ನಿನ ತುದಿಯಿಂದ ಆ ಉಪಕರಣವನ್ನು ಎರಡು ಸಲ ತಟ್ಟಿದರು. ಒಳಕಿವಿಯ ದ್ರವ ನಿಧಾನದ ತಿರುವನ್ನು ಗುರುತಿಸುವುದಿಲ್ಲ. ತಿರುವು ನಿಂತಾಗ ಎದುರು ದಿಕ್ಕಿಗೆ ವಾಲಿದಂತೆ ಸುಳ್ಳು ಹೇಳುತ್ತದೆ. ಪುಸ್ತಕದಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಓದಿದ್ದು ಅಲ್ಲಿ ಕೈಗೆ ಬರಲಿಲ್ಲ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಇಂಥ ತರಬೇತಿ ಇಲ್ಲದ 20 ಮಂದಿಯನ್ನು ಕೃತಕವಾಗಿ ಮೋಡದ ಸ್ಥಿತಿಗೆ ಒಡ್ಡಿದಾಗ ಎಲ್ಲರೂ ನಿಯಂತ್ರಣ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ.

ಹಾಗೆಂದು ಅರಿಜೋನಾದ ಮೋಡ ಹುಡುಕಬೇಡ. ಬೇಸಿಗೆಯವು ಗುಡುಗು ಮೋಡಗಳು. ಚಳಿಗಾಲದವುಗಳಲ್ಲಿ ರೆಕ್ಕೆಗೆ ಮಂಜುಗಡ್ಡೆ ಕಟ್ಟುವ ಭಯ, ನಿನ್ನ ಸೆಸ್ನಾ 172 ಅದಕ್ಕೆ ತಕ್ಕುದಲ್ಲ. ರೇಟಿಂಗ್‌ಗೆ 250 ನಾಟಿಕಲ್ ಮೈಲಿನ ಒಂದು ದೀರ್ಘ ಹಾರಾಟ ಕಡ್ಡಾಯವಿದೆಯಲ್ಲ, ಮೂರು ಬಗೆಯ ಅಪ್ರೋಚ್‌ಗಳೊಂದಿಗೆ (ಉಪಕರಣ ನೆಚ್ಚಿ ರನ್‌ವೇ ಕಡೆಗೆ ಇಳಿಯುವ ಕ್ರಮಗಳು)? ಅದನ್ನು ಮೇ, ಜೂನ್‌ನ ಬೆಳಿಗ್ಗೆ ಕ್ಯಾಲಿಫೋರ್ನಿಯಾ ಕರಾವಳಿಯ ಕಡೆಗೆ ಯೋಜಿಸಲು ಬೋಧಕರನ್ನು ಕೇಳು. ಅಲ್ಲಿ ಸಮುದ್ರದಿಂದ ಬರುವ ತೆಳು ಮೋಡದ ಹಾಸು ತಗ್ಗಿನಲ್ಲಿರುತ್ತದೆ, ಶಾಂತವಾಗಿರುತ್ತದೆ. ಐಎಫ್‌ಆರ್ (ಉಪಕರಣ ಹಾರಾಟದ ನಿಯಮಗಳ) ಯೋಜನೆ ಸಲ್ಲಿಸಿ, ಅರ್ಹ ಬೋಧಕರೊಂದಿಗೆ ಒಳಹೊಕ್ಕು ಹೊರಬಾ. ಪೆಟ್ರೋಲ್ ಖರ್ಚಿಗೆ ಹಿಂಜರಿಯಬೇಡ.

2023ರಲ್ಲಿ ಶಿವಮೊಗ್ಗದ ವಿಮಾನ ನಿಲ್ದಾಣ ತೆರೆದ ದಿನ ಇಲ್ಲಿ ಕುಳಿತು ಮೊಬೈಲ್‌ನಲ್ಲಿ ನೋಡಿದೆ. ಈ ದೇಶದ ಮೋಡಗಳಲ್ಲಿ ಎಷ್ಟೋ ಮಕ್ಕಳಿಗೆ ಹಾರಲು ಕಲಿಸಿದ್ದೇನೆ, ನಮ್ಮ ಮಲೆನಾಡಿನ ಆಷಾಢದ ಮೋಡದಲ್ಲಿ ಒಮ್ಮೆಯೂ ಹಾರಲಿಲ್ಲ. ಆ ಕೊರಗು ಹೋಗುವುದಿಲ್ಲ. ನೀನು ಮರಳುವವನು, ನಿನಗೆ ಆ ಭಾಗ್ಯವಿದೆ.

ಅದಕ್ಕೇ ಲಾಗ್‌ಬುಕ್ಕನ್ನು ಇಂದಿನಿಂದಲೇ ಚೊಕ್ಕಟವಾಗಿ ಬರೆ. ಹುಡ್ ಗಂಟೆ ಬೇರೆ, ಮೋಡದ ಗಂಟೆ ಬೇರೆ. ಪ್ರತಿ ಅಪ್ರೋಚ್‌ನ ಸ್ಥಳ ಮತ್ತು ಬಗೆ, ನೀನು ಹುಡ್ ಕಟ್ಟಿದಾಗ ಹೊರಗೆ ಕಣ್ಣಿಡುವ ಸೇಫ್ಟಿ ಪೈಲಟ್ ಹೆಸರು ಬಿಡಬೇಡ. ಊರಿಗೆ ಮರಳಿ ಭಾರತದ ವಿಮಾನಯಾನ ನಿಯಂತ್ರಕ ಡಿಜಿಸಿಎ ಮುಂದೆ ಇಡುವುದು ಅದನ್ನೇ. ಇನ್ನೊಂದು, ವಿದೇಶಿ ವಿದ್ಯಾರ್ಥಿಗೆ ಈ ರೇಟಿಂಗ್‌ಗೂ ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ಅನುಮತಿ ಬೇಕು. 2024ರವರೆಗೆ ಪ್ರೈವೇಟ್‌ಗೆ ಸಿಕ್ಕಿದ್ದು ಇದಕ್ಕೆ ನಡೆಯುತ್ತಿರಲಿಲ್ಲ, ಪ್ರತ್ಯೇಕವಾಗಿ ಪಡೆಯಬೇಕಿತ್ತು. ನಿನ್ನ ಅನುಮತಿ ಇದಕ್ಕೂ ಚಾಲ್ತಿಯಲ್ಲಿದೆಯೇ ಎಂದು ಮೊದಲ ಪಾಠಕ್ಕೆ ಮುಂಚೆಯೇ ಶಾಲೆಯಲ್ಲಿ ವಿಚಾರಿಸು.