ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ಹೆಡ್‌ಲೈನರ್ ಆಗುವ ಅರ್ಹತೆ ಯಾವ ಬ್ಯಾಂಡ್‌ಗಳಿಗಿದೆ?

ರಾಕ್ ಮತ್ತು ಮೆಟಲ್ ಸಂಗೀತದ 2025ರ ಡೌನ್‌ಲೋಡ್ ಉತ್ಸವದ ಮೂರು ರಾತ್ರಿಗಳ ಹೆಡ್‌ಲೈನರ್ ಸ್ಥಾನವನ್ನು, ಅಂದರೆ ಕೊನೆಯ ಮುಖ್ಯ ಪ್ರದರ್ಶನವನ್ನು, ಗ್ರೀನ್ ಡೇ, ಸ್ಲೀಪ್ ಟೋಕನ್ ಮತ್ತು ಕಾರ್ನ್ ತಂಡಗಳಿಗೆ ಒಪ್ಪಿಸಿದ್ದು ಸರಿಯೇ, ಅದರಲ್ಲೂ ಸ್ಲೀಪ್ ಟೋಕನ್‌ಗೆ ಆ ಸ್ಥಾನ ತೀರ ಬೇಗ ಸಿಕ್ಕಿತಲ್ಲವೇ ಎಂದು ಕೇಳಿದ್ದೀರಿ. ಹಿರಿಯ ಮೆಟಲ್ ತಂಡ ಐರನ್ ಮೇಡನ್ ಇರುವಾಗ ಬೇರೆಯವರನ್ನು ಹುಡುಕುವ ಅಗತ್ಯವೇನು ಎಂದು ನಿಮ್ಮ ಗೆಳೆಯರು ಪಟ್ಟು ಹಿಡಿದಿರುವುದನ್ನೂ ಬರೆದಿದ್ದೀರಿ. ಈ ಉತ್ಸವದ ಲೈನ್‌ಅಪ್‌ಗಳನ್ನು ವರ್ಷಗಳಿಂದ ಗಮನಿಸುತ್ತ, ಸಿಕ್ಕ ಧ್ವನಿಮುದ್ರಣಗಳನ್ನೆಲ್ಲ ಕೇಳುತ್ತ ಬಂದವನಾಗಿ ನನ್ನ ಚಿಕ್ಕ ಉತ್ತರವೆಂದರೆ, ಮೂರೂ ಆಯ್ಕೆಗಳು ಸರಿಯಾಗಿದ್ದವು. ಏಕೆ ಎಂಬುದನ್ನು ಹೇಳಲು ಸ್ವಲ್ಪ ಜಾಗ ಬೇಕು.

ಅರ್ಹತೆ ಎಂಬ ಪದವನ್ನು ಈ ಜಗಳದಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ಬಳಸುತ್ತಾರೆ, ಮತ್ತು ಹೆಚ್ಚಿನವರು ಅದರಿಂದ ಹಿರಿತನಕ್ಕೇ ಮಣೆ ಹಾಕುತ್ತಾರೆ. ಕಾರ್ನ್ ತನ್ನ ಮೊದಲ ಆಲ್ಬಮ್ ತಂದದ್ದು 1994ರಲ್ಲಿ. ಅದೇ ಉತ್ಸವದಲ್ಲಿ ಹಲವು ಸಲ ಕೆಳಗಿನ ಸ್ಥಾನಗಳಲ್ಲಿ ನುಡಿಸಿದ ಮೇಲೆ, ಪೋಸ್ಟರಿನ ಮೇಲ್ತುದಿಗೆ ಬರಲು ಅದು 2025ರವರೆಗೆ ಕಾಯಬೇಕಾಯಿತು. ಸ್ಲೀಪ್ ಟೋಕನ್ ಹುಟ್ಟಿದ್ದೇ 2016ರಲ್ಲಿ, ಮೊದಲ ಆಲ್ಬಮ್ ಬಂದದ್ದು 2019ರಲ್ಲಿ. ಈ ಎರಡೂ ಹೆಸರುಗಳನ್ನು ಒಂದೇ ಪೋಸ್ಟರಿನಲ್ಲಿ ಒಂದೇ ಗಾತ್ರದ ಅಕ್ಷರಗಳಲ್ಲಿ ಕಂಡಾಗ ಹಳೆಯ ಅಭಿಮಾನಿಗಳಿಗೆ ಕಸಿವಿಸಿಯಾದದ್ದು ಸಹಜವೇ. ಆದರೆ ಈ ಲೆಕ್ಕವನ್ನು ಒಪ್ಪಿಕೊಂಡರೆ ನಿರ್ವಾಣ ತಂಡವನ್ನು ಏನು ಮಾಡುವುದು? 1991ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನದೇ ರೆಡಿಂಗ್ ಉತ್ಸವಕ್ಕೆ ಬಂದ ಆ ತಂಡ ಹಗಲು ಹೊತ್ತಿನಲ್ಲಿ, ಪಟ್ಟಿಯ ಕೆಳಗಿನ ಹೆಸರಾಗಿ ನುಡಿಸಿ ಹೋಯಿತು. ಮರುತಿಂಗಳು ಅವರ ಆಲ್ಬಮ್ ನೆವರ್‌ಮೈಂಡ್ ಬಿಡುಗಡೆಯಾಯಿತು. 1992ರ ಆಗಸ್ಟ್ 30ರಂದು ಅದೇ ಉತ್ಸವದ ಕೊನೆಯ ರಾತ್ರಿ ಅವರದೇ ಆಗಿತ್ತು. ತನ್ನ ಆರೋಗ್ಯದ ಬಗ್ಗೆ ಹಬ್ಬಿದ್ದ ವದಂತಿಗಳನ್ನು ಅಣಕಿಸಲೆಂದು ತಂಡದ ಗಾಯಕ ಕರ್ಟ್ ಕೋಬೇನ್ ಗಾಲಿಕುರ್ಚಿಯಲ್ಲಿ ಕುಳಿತು ವೇದಿಕೆಗೆ ಬಂದರು. ನಡುವೆ ಕಳೆದದ್ದು ಒಂದೇ ವರ್ಷ. ಇನ್ನೂ ಹತ್ತು ವರ್ಷ ಕಾಯಲಿ ಎಂದು ಆಗ ಯಾರಾದರೂ ಹೇಳಿದ್ದರೆ ಎಷ್ಟು ವಿಚಿತ್ರವಾಗಿರುತ್ತಿತ್ತು ಎಂದು ಊಹಿಸಿ ನೋಡಿ.

ನನ್ನ ಮಟ್ಟಿಗೆ ಹೆಡ್‌ಲೈನರ್ ಎಂಬುದು ಬಿರುದಲ್ಲ, ಒಂದು ಕೆಲಸ. ಮೂರು ದಿನ ನಿಂತು, ನೆನೆದು, ನಿದ್ದೆಗೆಟ್ಟ ಹತ್ತಾರು ಸಾವಿರ ಜನರನ್ನು ಒಂದೂವರೆ ಗಂಟೆಗಿಂತ ಹೆಚ್ಚು ಕಾಲ ಮೈದಾನದಲ್ಲಿ ಹಿಡಿದಿಡುವ ಕೆಲಸ ಅದು. ಆ ಜನರಲ್ಲಿ ದೊಡ್ಡ ಪಾಲು ಆ ತಂಡಕ್ಕಾಗಿಯೇ ಬಂದವರಲ್ಲ. ಸ್ವಂತ ಕಾರ್ಯಕ್ರಮಕ್ಕೂ ಉತ್ಸವಕ್ಕೂ ಇರುವ ವ್ಯತ್ಯಾಸವೇ ಇದು: ಸ್ವಂತ ಕಾರ್ಯಕ್ರಮಕ್ಕೆ ಬಂದವನು ಟಿಕೆಟ್ ಕೊಳ್ಳುವಾಗಲೇ ಒಲಿದಿರುತ್ತಾನೆ, ಉತ್ಸವದಲ್ಲಿ ನಿಂತವನನ್ನು ಅಲ್ಲೇ, ಆಗಲೇ ಒಲಿಸಿಕೊಳ್ಳಬೇಕು. ಹೀಗಾಗಿ ಒಂದು ಅರೀನಾವನ್ನು ತುಂಬಿಸಬಲ್ಲ ಬ್ಯಾಂಡ್ ಉತ್ಸವದ ರಾತ್ರಿಯನ್ನು ತುಂಬಿಸಲಾರದೆ ಹೋಗಬಹುದು.

ಆ ಉತ್ಸವ ನಡೆಯುವ ಡಾನಿಂಗ್ಟನ್ ಪಾರ್ಕ್‌ಗೆ ನಾನು ಹೋಗಿದ್ದು ಒಮ್ಮೆ ಮಾತ್ರ. ಕೊನೆಯ ರಾತ್ರಿ ಹಿಂಬದಿಯ ಧ್ವನಿವರ್ಧಕ ಗೋಪುರದ ಬಳಿ ನಿಂತಿದ್ದೆ. ನನ್ನ ಪಕ್ಕದಲ್ಲಿ ನಡುವಯಸ್ಸಿನವರೊಬ್ಬರು ಮಡಚುವ ಕುರ್ಚಿಯ ಮೇಲೆ ಕುಳಿತು, ಬೂಟು ಬಿಚ್ಚಿ, ಕೆಸರು ನೀರು ಹೀರಿದ್ದ ಕಾಲುಚೀಲವನ್ನು ಹಿಂಡುತ್ತಿದ್ದರು. ಮೊದಲ ಮೂರು ಹಾಡುಗಳಿಗೆ ಅವರು ತಲೆ ಎತ್ತಲಿಲ್ಲ. ನಾಲ್ಕನೆಯದರ ಗಿಟಾರ್ ಶುರುವಾದದ್ದೇ ತಡ, ಒಂದೇ ಬೂಟಿನಲ್ಲಿ ಎದ್ದು ನಿಂತು, ಕಾಲುಚೀಲವನ್ನು ಕೈಯಲ್ಲೇ ಹಿಡಿದುಕೊಂಡು ಪೂರ್ತಿ ಹಾಡನ್ನು ಹಾಡಿದರು. ಅಂದಿನಿಂದ ನಾನು ಧ್ವನಿಮುದ್ರಣಗಳಲ್ಲಿ ವೇದಿಕೆಯ ಮುಂದಿನ ಬೇಲಿಯ ಪಕ್ಕದವರ ಕಿರುಚಾಟವನ್ನು ಬಿಟ್ಟು ಹಿಂಬದಿಯ ಸದ್ದನ್ನೇ ಹುಡುಕುತ್ತೇನೆ. ಅದನ್ನು ಗುರುತಿಸುವುದು ಕಷ್ಟವೇನಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ವೇದಿಕೆಯಿಂದ 170 ಮೀಟರ್ ದೂರದಲ್ಲಿ ನಿಂತವರಿಗೆ ಹಾಡು ಅರ್ಧ ಸೆಕೆಂಡು ತಡವಾಗಿ ತಲುಪುತ್ತದೆ, ಅವರ ದನಿ ವೇದಿಕೆಗೆ ಮರಳಲು ಇನ್ನರ್ಧ ಸೆಕೆಂಡು ಬೇಕು. ಗಾಯಕ ಮೈಕನ್ನು ಜನರತ್ತ ಚಾಚಿದಾಗ ಮುಂದಿನವರ ಸಾಲು ಮುಗಿದ ಮೇಲೂ ಅದರ ಬಾಲದಂತೆ ಅಗಲವಾದ, ಮಂದವಾದ ಇನ್ನೊಂದು ದನಿ ಉರುಳಿ ಬಂದರೆ ಹಿಂದಿನವರೂ ಹಾಡುತ್ತಿದ್ದಾರೆ ಎಂದರ್ಥ. ಆ ಬಾಲವಿಲ್ಲದಿದ್ದರೆ ಆ ತಂಡಕ್ಕೆ ಮುಂದಿನ ಮೂವತ್ತು ಸಾಲುಗಳಷ್ಟೇ ಸಿಕ್ಕಿವೆ.

ಈ ಕಿವಿಯಿಂದ ಕೇಳಿದರೆ ಹಳೆಯ ವಿವಾದಗಳೂ ಬೇರೆಯಾಗಿ ಕಾಣುತ್ತವೆ. ಇಂಗ್ಲೆಂಡಿನ ಇನ್ನೊಂದು ದೊಡ್ಡ ಉತ್ಸವವಾದ ಗ್ಲಾಸ್ಟನ್‌ಬರಿಯಲ್ಲಿ 1995ರಲ್ಲಿ ನುಡಿಸಬೇಕಿದ್ದ ಸ್ಟೋನ್ ರೋಸಸ್ ತಂಡದ ಗಿಟಾರ್ ವಾದಕ ಜಾನ್ ಸ್ಕ್ವೈರ್ ಅವರ ಕೊರಳೆಲುಬು ಮುರಿದಾಗ, ಆ ಜಾಗಕ್ಕೆ ಪಲ್ಪ್ ತಂಡವನ್ನು ಕರೆಯಲಾಯಿತು. ಅಭಿಮಾನಿಗಳ ಮತಕ್ಕೆ ಹಾಕಿದ್ದರೆ ಅವರ ಹೆಸರು ಮೊದಲ ಐದರಲ್ಲೂ ಬರುತ್ತಿರಲಿಲ್ಲವೆಂದು ನನ್ನ ಅಂದಾಜು. 1978ರಲ್ಲಿ ಹುಟ್ಟಿ 17 ವರ್ಷ ಸವೆಸಿದ್ದರೂ ಅವರ ಬಳಿ ಇದ್ದ ನಿಜವಾದ ಬಂಡವಾಳ, ಆಗಷ್ಟೇ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿದ್ದ ಒಂದು ಹಾಡು. ಕೊನೆಗೆ ಅದನ್ನು ನುಡಿಸಿದಾಗ ಇಡೀ ಮೈದಾನ ಹಾಡಿತು. ಬದಲಿಯಾಗಿ ಬಂದವರೆಂಬುದು ಆಮೇಲೆ ಯಾರಿಗೂ ಮುಖ್ಯವಾಗಲಿಲ್ಲ. 2008ರಲ್ಲಿ ಅದೇ ವೇದಿಕೆಗೆ ಜೇ-ಝೀ ಅವರನ್ನು ಆರಿಸಿದಾಗ, ಗ್ಲಾಸ್ಟನ್‌ಬರಿಯಲ್ಲಿ ಹಿಪ್‌ಹಾಪ್ ಸಲ್ಲದು ಎಂದು ಓಯಸಿಸ್‌ನ ನೋಯೆಲ್ ಗ್ಯಾಲಗರ್ ಮೂಗು ಮುರಿದರು. ಜೇ-ಝೀ ಗಿಟಾರ್ ಹೆಗಲಿಗೇರಿಸಿಕೊಂಡು ಬಂದು ಗ್ಯಾಲಗರ್ ಬರೆದ ವಂಡರ್‌ವಾಲ್ ಹಾಡಿನಿಂದಲೇ ಆರಂಭಿಸಿದರು, ಬೇಕೆಂದೇ ಒರಟಾಗಿ. ಜನ ಅದನ್ನು ಎತ್ತಿಕೊಂಡು ಹಾಡಿದರು. ತನಗಾಗಿ ಬಾರದವರನ್ನು ಒಲಿಸಿಕೊಳ್ಳುವುದೆಂದರೆ ಇದೇ.

ಇನ್ನು ವ್ಯವಹಾರದ ಮಾತು. ಯಾವ ತಂಡ ಆ ಬೇಸಿಗೆಯಲ್ಲಿ ಪ್ರವಾಸದಲ್ಲಿದೆ, ಹೊಸ ಆಲ್ಬಮ್ ಯಾವಾಗ, ಬೇರೆ ಉತ್ಸವದೊಂದಿಗೆ ಆಗಲೇ ಕರಾರಾಗಿದೆಯೇ ಎಂಬುದೆಲ್ಲ ಬಹಳ ಮೊದಲೇ ತೀರ್ಮಾನವಾಗುತ್ತದೆ. ನಾವು ಅರ್ಹತೆಯ ಬಗ್ಗೆ ಜಗಳವಾಡುವ ಎಷ್ಟೋ ಹೆಸರುಗಳು ಆ ವಾರ ಬೇರೊಂದು ಖಂಡದಲ್ಲಿರುತ್ತವೆ, ಅಷ್ಟೇ.

ನಿಮ್ಮ ಗೆಳೆಯರ ಮೇಡನ್ ವಾದಕ್ಕೆ ಬರುತ್ತೇನೆ. 2003ರಲ್ಲಿ ನಡೆದ ಮೊಟ್ಟಮೊದಲ ಡೌನ್‌ಲೋಡ್‌ನಿಂದ ಹಿಡಿದು 2007, 2013, 2016, 2022 ಹೀಗೆ ಐದು ಬಾರಿ ಅವರು ಹೆಡ್‌ಲೈನರ್ ಆಗಿದ್ದಾರೆ. ಅವರ ಅರ್ಹತೆಯನ್ನು ಯಾರೂ ಪ್ರಶ್ನಿಸುತ್ತಿಲ್ಲ. ಆದರೆ ಅದೇ ವೇದಿಕೆಯ ರಾತ್ರಿಗಳನ್ನು ಹಂಚಿಕೊಂಡಿದ್ದ ಕಿಸ್ 2023ರ ಡಿಸೆಂಬರ್‌ನಲ್ಲಿ ಕೊನೆಯ ಪ್ರದರ್ಶನ ಮುಗಿಸಿತು. ಏರೋಸ್ಮಿತ್ 2024ರಲ್ಲಿ ಪ್ರವಾಸಕ್ಕೆ ವಿದಾಯ ಹೇಳಿತು. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಬ್ಲ್ಯಾಕ್ ಸಬಾತ್ ಕೊನೆಯ ಬಾರಿ ನುಡಿಸಿತು, ಅದೇ ತಿಂಗಳು ಅದರ ಗಾಯಕ ಆಝಿ ಆಸ್ಬರ್ನ್ ತೀರಿಕೊಂಡರು. ಹೊಸಬರನ್ನು ಮೇಲಕ್ಕೆ ತರುವುದನ್ನು ಮುಂದೂಡುತ್ತ ಹೋದ ಉತ್ಸವಕ್ಕೆ ಒಂದು ದಿನ ಕರೆಯಲು ಹೆಸರುಗಳೇ ಉಳಿಯುವುದಿಲ್ಲ. 2023ರಲ್ಲಿ ಬ್ರಿಂಗ್ ಮಿ ದ ಹೊರೈಝನ್ ಎಂಬ ಹೊಸ ತಲೆಮಾರಿನ ತಂಡಕ್ಕೆ ಒಂದು ರಾತ್ರಿ ಕೊಟ್ಟಾಗ ಮೂಗು ಮುರಿದವರಲ್ಲಿ ನಾನೂ ಒಬ್ಬ. ಆ ರಾತ್ರಿಯ ಮುದ್ರಣಗಳನ್ನು ಕೇಳಿದ ಮೇಲೆ ತೆಪ್ಪಗಾದೆ, ಬಾಲ ಸ್ಪಷ್ಟವಾಗಿತ್ತು.

ಸ್ಲೀಪ್ ಟೋಕನ್‌ನದು ಇನ್ನೂ ಕಠಿಣವಾದ ಪರೀಕ್ಷೆ. ಮುಖವಾಡ ಧರಿಸಿದ ಅವರ ಗಾಯಕ ಹಾಡುಗಳ ನಡುವೆ ಜನರೊಂದಿಗೆ ಮಾತನಾಡುವುದಿಲ್ಲ; ಹುರಿದುಂಬಿಸುವ ಮಾತಿಲ್ಲದೆ, ಬರೀ ಹಾಡಿನ ಬಲದಿಂದ ಹಿಂದಿನ ಸಾಲನ್ನು ತಲುಪಬೇಕು. 2025ರ ಮೇ ತಿಂಗಳಲ್ಲಿ ಅವರ ಆಲ್ಬಮ್ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿ, ಮರುತಿಂಗಳೇ ಉತ್ಸವ ಬಂದದ್ದರಿಂದ ಅದಕ್ಕಿಂತ ಒಳ್ಳೆಯ ಹೊತ್ತು ಅವರಿಗೆ ಸಿಗುತ್ತಿರಲಿಲ್ಲ. ಎರಡು ವರ್ಷ ಕಾಯಿಸಿದ್ದರೆ ಆ ಕಾವು ಅಷ್ಟೇ ಇರುತ್ತಿತ್ತೆಂದು ಯಾರು ಹೇಳಬಲ್ಲರು?

ಮುಂದೆ ಯಾರು ಎಂಬುದಕ್ಕೆ ನನ್ನ ಮೊದಲ ಹೆಸರು ಸ್ವೀಡನ್ನಿನ ಘೋಸ್ಟ್. ಅವರ ಹಾಡುಗಳನ್ನು ಒಮ್ಮೆ ಕೇಳಿದವನೂ ಎರಡನೆಯ ಪಲ್ಲವಿಗೆ ದನಿಗೂಡಿಸಬಲ್ಲ. 2025ರ ಪ್ರವಾಸದಲ್ಲಿ ಪ್ರೇಕ್ಷಕರ ಫೋನ್‌ಗಳನ್ನು ಚೀಲದಲ್ಲಿ ಮುಚ್ಚಿಸಿಯೇ ಅವರು ಒಳಗೆ ಬಿಟ್ಟರು. ಅಷ್ಟು ಧೈರ್ಯವಿರುವ ತಂಡಕ್ಕೆ ಒಂದು ರಾತ್ರಿ ಕೊಡಬಹುದು. ಎರಡನೆಯದು ಡೆಫ್‌ಟೋನ್ಸ್. 1988ರಿಂದ ಇರುವ ಅವರಿಗೆ ಈಗ ಸಿಗುತ್ತಿರುವ ಹರೆಯದ ಕೇಳುಗರು ಹಳೆಯ ಅಭಿಮಾನಿಗಳ ಮಕ್ಕಳ ವಯಸ್ಸಿನವರು, ಹಿರಿತನದ ಪಕ್ಷದವರೂ ಅವರ ಹೆಸರಿಗೆ ಬೇಡವೆನ್ನಲಾರರು.

ಗೊಜಿರಾ ನನ್ನ ಅತಿ ಮೆಚ್ಚಿನ ತಂಡ. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಅವರು ಹಳೆಯ ಸೆರೆಮನೆ ಕಾನ್ಸಿಯೆರ್ಜರಿಯ ಗೋಡೆಗೆ ಅಂಟಿಕೊಂಡಂತೆ ನಿಂತು ನುಡಿಸಿದ್ದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೂ ನನ್ನ ಪಟ್ಟಿಯಲ್ಲಿ ಸದ್ಯಕ್ಕೆ ಅವರದು ಎರಡನೆಯ ಸಾಲು. ಅವರ ಸಂಗೀತಕ್ಕೆ ಹಿಂದಿನವರು ತಲೆದೂಗುತ್ತಾರೆ, ಹಾಡುವುದಿಲ್ಲ. ಮೂರನೆಯ ದಿನದ ರಾತ್ರಿ, ಒದ್ದೆ ಕಾಲುಚೀಲ ಹಿಂಡುತ್ತ ಕುಳಿತವರು ಗೊಜಿರಾದ ಯಾವ ಹಾಡಿಗೆ ಎದ್ದು ನಿಲ್ಲುತ್ತಾರೆ ಎಂದು ಹುಡುಕಿದರೆ ನನಗೆ ಒಂದೋ ಎರಡೋ ಮಾತ್ರ ಸಿಗುತ್ತವೆ.