ಕಾರ್ಟೂನ್ ನೋಡುವ ದೊಡ್ಡವರು: ಓದುಗರ ಪ್ರಶ್ನೆ, ಉತ್ತರ

ಪ್ರಶ್ನೆ: ನನ್ನ ಮಗನಿಗೆ ಮೂವತ್ತಾರು ವರ್ಷ. ಒಳ್ಳೆಯ ಕೆಲಸವಿದೆ, ಎರಡು ಮಕ್ಕಳಿದ್ದಾರೆ. ಮಕ್ಕಳು ಮಲಗಿದ ಮೇಲೆ ಹಾಲ್‌ನಲ್ಲಿ ಒಬ್ಬನೇ ಕುಳಿತು ಕಾರ್ಟೂನ್ ನೋಡಿ ನಗುತ್ತಾನೆ. ಸೊಸೆಯೂ ಏನೂ ಅನ್ನುವುದಿಲ್ಲ. ಇದು ಸರಿಯೇ?
– ಒಬ್ಬ ತಾಯಿ, ವಿಜಯನಗರ

ಉತ್ತರ: ಮಕ್ಕಳು ಮಲಗಿದ ಮೇಲೆ ನೋಡುತ್ತಾನೆಂದು ನೀವೇ ಬರೆದಿದ್ದೀರಿ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. 1960ರಲ್ಲಿ ಅಮೆರಿಕದಲ್ಲಿ ‘ಫ್ಲಿಂಟ್‌ಸ್ಟೋನ್ಸ್’ ಕಾರ್ಟೂನ್ ಶುರುವಾದಾಗ ಅದು ಬರುತ್ತಿದ್ದದ್ದು ರಾತ್ರಿ ಎಂಟೂವರೆಗೆ. ಜಾಹೀರಾತು ಕೊಡುತ್ತಿದ್ದದ್ದು ಸಿಗರೇಟು ಕಂಪನಿ, ಸೇದಿ ತೋರಿಸುತ್ತಿದ್ದದ್ದು ಅದೇ ಪಾತ್ರಗಳು. ನಮ್ಮ ಮನೆಗಳಿಗೆ ಅದು ಬರುವ ಹೊತ್ತಿಗೆ ಮಕ್ಕಳ ಸಂಜೆಯ ತಿಂಡಿಯ ಜೊತೆಗಾರನಾಗಿತ್ತು, ಅಷ್ಟೆ.

ನಮಗೂ ಇದು ಹೊಸದಲ್ಲ. ನಾಗಮಂಗಲದ ಕಡೆಯ ನನ್ನ ತಾಯಿಯ ಊರಿನಲ್ಲಿ ತೊಗಲುಗೊಂಬೆಯಾಟ ನಡೆಯುತ್ತಿತ್ತು. ರಾಮಾಯಣದ ನಡುವೆ ಹಾಸ್ಯದ ಜೋಡಿ ಕಿಳ್ಳೇಕ್ಯಾತ, ಬಂಗಾರಕ್ಕ ಪರದೆಗೆ ಬಂದರೆಂದರೆ ಅಜ್ಜಿ ನನ್ನ ಕಿವಿಯನ್ನು ಸೆರಗಿನಿಂದ ಮುಚ್ಚುತ್ತಿದ್ದಳು. ಕಣ್ಣನ್ನಲ್ಲ, ಕಿವಿಯನ್ನು. ಪೋಲಿತನ ಗೊಂಬೆಯಲ್ಲಿಲ್ಲ, ಮಾತಿನಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ರಾತ್ರಿ ಮಗನ ಪಕ್ಕದಲ್ಲಿ ಕುಳಿತು ಯಾವುದಕ್ಕೆ ನಕ್ಕೆ ಎಂದು ಕೇಳಿ. ವಿವರಿಸಲು ಹೋಗಿ ಅವನೇ ಒದ್ದಾಡುತ್ತಾನೆ.

ಪ್ರಶ್ನೆ: ದೊಡ್ಡವರ ಈ ಕಾರ್ಟೂನ್ ಸರಣಿಗಳಲ್ಲಿ ಗೆರೆ ಸೊಟ್ಟ, ಕೈಕಾಲು ಕಡ್ಡಿ, ಬಾಯಿ ಮಾತ್ರ ಆಡುತ್ತದೆ. ಇವರಿಗೆ ಹಣವಿಲ್ಲವೋ, ಚಿತ್ರ ಬರೆಯಲು ಬರುವುದಿಲ್ಲವೋ?
– ಚಿತ್ರಕಲೆಯ ವಿದ್ಯಾರ್ಥಿ, ಕೆಂಗೇರಿ

ಉತ್ತರ: ಹಣವಿಲ್ಲದ್ದು ಎಷ್ಟೋ ಸಲ ನಿಜ. ಉಳಿದದ್ದನ್ನು ನನ್ನ ಕಥೆಯಿಂದಲೇ ಹೇಳುತ್ತೇನೆ.

ಇಪ್ಪತ್ತು ವರ್ಷಗಳ ಹಿಂದೆ ಹಲಸೂರಿನ ಒಂದು ಸ್ಟುಡಿಯೋದಲ್ಲಿ ನಾನು ಇನ್‌ಬಿಟ್ವೀನರ್ ಆಗಿದ್ದೆ. ಮುಖ್ಯ ಕಲಾವಿದ ಒಂದು ಚಲನೆಯ ಮೊದಲ ಭಂಗಿ, ಕೊನೆಯ ಭಂಗಿ ಬರೆದು ಕೊಡುತ್ತಾನೆ. ನಡುವಿನವೆಲ್ಲ ನನ್ನ ಪಾಲು. ಒಂದು ಸೆಕೆಂಡಿಗೆ 24 ಫ್ರೇಮ್, ಒಂದು ಚಿತ್ರಕ್ಕೆ ಎರಡು ಫ್ರೇಮ್ ಎಂದರೂ ಹನ್ನೆರಡು ಹಾಳೆ. ಕೆಳಗಿನಿಂದ ಬೆಳಕು ಬೀಳುವ ಗಾಜಿನ ಮೇಜಿನ ಮೇಲೆ ಬಗ್ಗಿ ಬಗ್ಗಿ ಸಂಜೆಗೆ ಕುತ್ತಿಗೆ ಕಲ್ಲಾಗುತ್ತಿತ್ತು. ಒಮ್ಮೆ ಹೊರದೇಶದ ಒಂದು ಹಾಸ್ಯ ದೃಶ್ಯ ಬಂತು. ಅದರ ಜೊತೆಗಿದ್ದ ಲೆಕ್ಕದ ಹಾಳೆಯಲ್ಲಿ 41ನೆಯ ಚಿತ್ರದ ಮುಂದೆ ಪೆನ್ಸಿಲಿನಲ್ಲಿ ಉದ್ದನೆಯ ಗೆರೆ: 36 ಫ್ರೇಮ್ ಇದೇ ಚಿತ್ರ ನಿಲ್ಲಲಿ. ಒಂದೂವರೆ ಸೆಕೆಂಡು ಪಾತ್ರ ರೆಪ್ಪೆಯನ್ನೂ ಬಡಿಯುವುದಿಲ್ಲ. ಸೋಮಾರಿಗಳು ಎಂದುಕೊಂಡು ಪಕ್ಕಕ್ಕಿಟ್ಟೆ. ತಿಂಗಳಾದ ಮೇಲೆ ಧ್ವನಿಯ ಸಮೇತ ಅದನ್ನು ಎಲ್ಲರೂ ಕೂಡಿ ನೋಡಿದೆವು. ಕೋಣೆ ಗೊಳ್ಳೆಂದು ನಕ್ಕದ್ದು ಆ ಒಂದೂವರೆ ಸೆಕೆಂಡಿನಲ್ಲಿ. ನಾನು ವಾರವಿಡೀ ಕೂತು ಬರೆದ ಓಟ, ಎಡವುವುದು, ಬೀಳುವುದು ಯಾವುದಕ್ಕೂ ಯಾರೂ ತುಟಿ ಅಲುಗಿಸಲಿಲ್ಲ.

ಅಂದಿನಿಂದ ನಾನು ಇವನ್ನು ಕಿವಿಯಿಂದ ನೋಡುತ್ತೇನೆ. ‘ಹೋಮ್ ಮೂವೀಸ್’ ಎಂಬ ಸರಣಿ 1999ರಲ್ಲಿ ಬಂತು. ಎಂಟು ವರ್ಷದ ಹುಡುಗ ಗೆಳೆಯರನ್ನು ಕಟ್ಟಿಕೊಂಡು ಮನೆಯಲ್ಲೇ ಸಿನಿಮಾ ತೆಗೆಯುತ್ತಾನೆ, ಅಷ್ಟೇ ಕಥೆ. ಮೊದಲ ವರ್ಷದ ಗೆರೆಗಳು ಚಳಿಜ್ವರ ಬಂದವರ ಹಾಗೆ ನಡುಗುತ್ತಲೇ ಇರುತ್ತವೆ. ಸಂಭಾಷಣೆಯನ್ನು ಪೂರ್ತಿ ಬರೆದಿರಲಿಲ್ಲ. ಸನ್ನಿವೇಶ ಹೇಳಿ, ಕಲಾವಿದರನ್ನು ಮಾತಾಡಲು ಬಿಟ್ಟು, ಅದರಲ್ಲಿ ಆರಿಸಿಕೊಂಡರು. ಆದ್ದರಿಂದ ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ, ಕೆಲವು ವಾಕ್ಯಗಳು ಮುಗಿಯುವುದೇ ಇಲ್ಲ, ಥೇಟ್ ನಮ್ಮ ಮನೆಯ ಹಾಗೆ. ಅದರಲ್ಲಿ ಸದಾ ಗೊಣಗುವ ಫುಟ್‌ಬಾಲ್ ಕೋಚ್ ಇದ್ದಾನೆ, ಮೂಗು ಕಟ್ಟಿದ ದನಿಯ ಹುಡುಗನೊಬ್ಬ ಇದ್ದಾನೆ. ಎರಡೂ ಎಚ್. ಜಾನ್ ಬೆಂಜಮಿನ್ ಒಬ್ಬನದೇ ಗಂಟಲು. ಮೊದಲು ಹಾಕಿದ ವಾಹಿನಿ ಐದು ಕಂತಿಗೇ ಕೈಬಿಟ್ಟಿತು. ಬೇರೆ ಕಡೆ ಆಸರೆ ಸಿಕ್ಕು 52 ಕಂತು ನಡೆಯಿತು.

‘ಸೌತ್ ಪಾರ್ಕ್’ನ ಮೊದಲ ಕಂತನ್ನು ಕಾಗದ ಕತ್ತರಿಸಿಯೇ ಮಾಡಿದ್ದರು. ಈಗ ಕಂಪ್ಯೂಟರಿನಲ್ಲಿ ಮಾಡಿದರೂ ಬೇಕೆಂದೇ ಕಾಗದದ ಹಾಗೆ ಕಾಣಿಸುತ್ತಾರೆ. ಹಾಗಾಗಿ ಆರು ದಿನದಲ್ಲಿ ಒಂದು ಕಂತು ಮುಗಿದು, ಆ ವಾರದ ಸುದ್ದಿಗೆ ಆ ವಾರವೇ ಏಟು ಬೀಳುತ್ತದೆ. ನೀವು ಚಿತ್ರ ಚೆನ್ನಾಗಿ ಬರೆಯುವುದನ್ನು ಮಾತ್ರ ಬಿಡಬೇಡಿ. ಬರೆಯಲು ಬರದವನ ಸೊಟ್ಟಗೆರೆಗೂ ಬರುವವನ ಸೊಟ್ಟಗೆರೆಗೂ ಎರಡು ನಿಮಿಷದಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಪ್ರಶ್ನೆ: ಬುದ್ಧಿವಂತಿಕೆಯ ಹಾಸ್ಯ ಎನ್ನುತ್ತೀರಿ. ನಾನು ನೋಡಿದ ಎರಡರಲ್ಲೂ ಹೊಲಸು ಬಿಟ್ಟರೆ ಏನೂ ಕಾಣಲಿಲ್ಲ.
– ನಿವೃತ್ತ ಗಣಿತ ಶಿಕ್ಷಕರು, ಜಯನಗರ

ಉತ್ತರ: ಹೊಲಸು ಇದೆ, ಧಾರಾಳವಾಗಿದೆ. ತೇಗಿಗೆ ನಗುವ ವಯಸ್ಸು ನನಗೆ ದಾಟಿದೆ. ದಾಟಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ತಮಗೆ ‘ಫ್ಯೂಚರಾಮಾ’ ಹೇಳುತ್ತೇನೆ. ಅದರಲ್ಲಿ ಬೆಂಡರ್ ಎಂಬ ಕುಡುಕ ರೋಬಾಟ್‌ಗೆ ಅವನನ್ನು ತಯಾರಿಸಿದ ಯಂತ್ರ ತಾಯಿಯ ಹಾಗೆ ಹಬ್ಬದ ಕಾರ್ಡು ಕಳಿಸುತ್ತದೆ. ವಿಳಾಸ: ಮಗ ಸಂಖ್ಯೆ 1729. ಗಣಿತಜ್ಞ ಹಾರ್ಡಿ ಬಂದ ಟ್ಯಾಕ್ಸಿಯ ಸಂಖ್ಯೆ ಅದು, ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಎಂದು ರಾಮಾನುಜನ್ ಥಟ್ಟನೆ ಹೇಳಿದ್ದು ಎಲ್ಲ ತಮಗೆ ಬಾಯಿಪಾಠ, ನಾನು ಹೇಳಬೇಕಿಲ್ಲ. 2010ರ ಒಂದು ಕಂತಿನಲ್ಲಿ ಎಲ್ಲರ ಮನಸ್ಸುಗಳೂ ದೇಹಗಳೂ ಅದಲುಬದಲಾಗುತ್ತವೆ, ಒಮ್ಮೆ ಬದಲಾದ ಇಬ್ಬರು ಮತ್ತೆ ನೇರವಾಗಿ ಬದಲಾಗುವಂತಿಲ್ಲ. ಎಷ್ಟೇ ಜನರಿದ್ದರೂ ಹೊಸಬರಿಬ್ಬರನ್ನು ಸೇರಿಸಿದರೆ ಎಲ್ಲರನ್ನೂ ಸ್ವಸ್ಥಾನಕ್ಕೆ ತರಬಹುದೆಂದು ಬರಹಗಾರ ಕೆನ್ ಕೀಲರ್ ಸಾಧಿಸಿದ. ಹಾರ್ವರ್ಡ್‌ನಲ್ಲಿ ಅನ್ವಯಿಕ ಗಣಿತದ ಡಾಕ್ಟರೇಟ್ ಪಡೆದವನು. ಪ್ರಮೇಯ ಹಲಗೆಯ ಮೇಲೆ ಕಾಣುತ್ತದೆ. ಅದನ್ನು ಕಂಡುಹಿಡಿಯುವವರು ಬಾಸ್ಕೆಟ್‌ಬಾಲ್ ಆಟಗಾರರು, ತಮಾಷೆ ಅಲ್ಲಿದೆ. ದೃಶ್ಯ ನಿಲ್ಲಿಸಿ ತಪ್ಪು ಹುಡುಕಿ, ಸಿಕ್ಕರೆ ಬರೆಯಿರಿ.

ಪ್ರಶ್ನೆ: ಅಮೆರಿಕದವರ ಉಚ್ಚಾರಣೆ ನನಗೆ ಹಿಡಿಯುವುದಿಲ್ಲ. ಎಲ್ಲಿಂದ ಶುರು ಮಾಡಲಿ?
– ಗೃಹಿಣಿ, ರಾಜಾಜಿನಗರ

ಉತ್ತರ: ‘ಬೋಜ್ಯಾಕ್ ಹಾರ್ಸ್‌ಮನ್’, ಮೂರನೆಯ ಸೀಸನ್ನಿನ ನಾಲ್ಕನೆಯ ಕಂತು. ಕುದುರೆ ಮುಖದ ನಟನೊಬ್ಬ ಸಮುದ್ರದಡಿಯ ಚಿತ್ರೋತ್ಸವಕ್ಕೆ ಹೋಗುತ್ತಾನೆ, ತಲೆಗೆ ಗಾಜಿನ ಬುರುಡೆ. ಮಾತು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕ್ಷಮೆ ಕೇಳಿ ಬರೆದ ಚೀಟಿಯ ಶಾಯಿ ನೀರಿನಲ್ಲಿ ಕಲಸಿಹೋಗುವ ಜಾಗದಲ್ಲಿ ನನಗೆ ಗಂಟಲು ಕಟ್ಟಿತು, ಅದಾದ ಮೇಲೆ ಬರುವ ಕೊನೆಯ ತಮಾಷೆಗೆ ಸಿಟ್ಟೂ ನಗುವೂ ಒಟ್ಟಿಗೆ ಬಂದವು. ಅದೇನೆಂದು ಹೇಳುವುದಿಲ್ಲ.

ಪ್ರಶ್ನೆ: ಕನ್ನಡದಲ್ಲಿ ಇಂಥದ್ದು ಏಕಿಲ್ಲ?
– ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಉತ್ತರ: ಬರೆಯುವವರ ಬರವಂತೂ ಅಲ್ಲ, 1942ರಲ್ಲೇ ಇದೇ ಬೆಂಗಳೂರಿನಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಶುರುವಾಗಿತ್ತು. ನನ್ನ ಬಳಿಯೇ ಒಂದು ದೃಶ್ಯವಿದೆ. ಬಾಡಿಗೆದಾರ ಮನೆ ಖಾಲಿ ಮಾಡುತ್ತಿದ್ದಾನೆ, ಹತ್ತು ತಿಂಗಳ ಅಡ್ವಾನ್ಸ್ ವಾಪಸ್ ಬರಬೇಕು. ಮಾಲೀಕರು ಕನ್ನಡಕ ಏರಿಸಿ ಗೋಡೆಯಲ್ಲಿನ ಮೊಳೆಯ ತೂತುಗಳನ್ನು ಎಣಿಸುತ್ತಾರೆ. ಹನ್ನೊಂದು. ‘ಬಂದಾಗ ಒಂಬತ್ತಿತ್ತು’ ಎನ್ನುತ್ತಾರೆ. ಬಾಡಿಗೆದಾರ ಏನೂ ಹೇಳುವುದಿಲ್ಲ. 36 ಫ್ರೇಮ್. ಕೆಂಗೇರಿಯ ವಿದ್ಯಾರ್ಥಿ ಆ ಒಂದು ಮುಖ ಬರೆದುಕೊಟ್ಟರೆ ಮಾಲೀಕರ ಧ್ವನಿ ನಾನೇ ಕೊಡುತ್ತೇನೆ.