ಸ್ಟೆಂಟ್ ಹಾಕಿಸಿಕೊಂಡ ಅಪ್ಪ ಹೀಗೆ ಕ್ರಿಕೆಟ್ ನೋಡುವುದು ಒಳ್ಳೆಯದೇ?

ನಿಮ್ಮ ತಂದೆಯವರಿಗೆ 72 ವರ್ಷ, ಸ್ಟೆಂಟ್ ಹಾಕಿಸಿ ಎರಡು ವರ್ಷವಾಗಿದೆ, ತಾಯಿಯವರು ತೀರಿಕೊಂಡ ಮೇಲೆ ಟಿ.ವಿ. ಮುಂದಿನ ಕುರ್ಚಿ ಬಿಟ್ಟು ಏಳುವುದಿಲ್ಲ, ಬೆಂಗಳೂರು ತಂಡ ಸೋತ ರಾತ್ರಿ ಊಟ ಬಿಡುತ್ತಾರೆ, ಈ ಹುಚ್ಚು ಬಿಡಿಸಬೇಕೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಮೈಸೂರಿನಲ್ಲಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಿವೃತ್ತನಾದವನು. ಕೆಲಸಕ್ಕೆ ಸೇರುವ ಮೊದಲಿನಿಂದಲೂ ಕ್ರಿಕೆಟ್ ನೋಡುತ್ತಿರುವವನು.

ಹೃದಯದ ವಿಷಯ ಮೊದಲು ಹೇಳಿ ಮುಗಿಸುತ್ತೇನೆ. 2006ರಲ್ಲಿ ಜರ್ಮನಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ವೈದ್ಯರು ಒಂದು ಲೆಕ್ಕ ಇಟ್ಟಿದ್ದರು. ಜರ್ಮನ್ ತಂಡ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಮಾಮೂಲಿಗಿಂತ 2.66 ಪಟ್ಟು ಇದ್ದವು. ಗಂಡಸರಲ್ಲಿ ಮೂರು ಪಟ್ಟನ್ನೂ ಮೀರಿದ್ದವು. ಮೊದಲೇ ಹೃದಯದ ತೊಂದರೆ ಇದ್ದವರಿಗೆ ಅಪಾಯ ಹೆಚ್ಚು. ಆದ್ದರಿಂದ ಅವರನ್ನು ನೋಡುವ ಹೃದ್ರೋಗ ತಜ್ಞರನ್ನು ಒಮ್ಮೆ ಕೇಳಿ. ಎದೆ ಹಿಡಿದಂತಾದರೆ ‘ಈ ಓವರ್ ಮುಗಿಯಲಿ’ ಎಂದು ಕಾಯುವಂತಿಲ್ಲ, ನೇರ ಆಸ್ಪತ್ರೆಗೆ. ಐಪಿಎಲ್ ಪಂದ್ಯ ಸಂಜೆ 7.30ಕ್ಕೆ ಶುರುವಾದರೆ ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಊಟ, ಮಾತ್ರೆ ಎರಡನ್ನೂ ಇನ್ನಿಂಗ್ಸ್‌ಗಳ ನಡುವಿನ ಬಿಡುವಿನೊಳಗೆ ಮುಗಿಸಿಬಿಡಿ. ಸೋತ ಮೇಲೆ ತಟ್ಟೆ ಇಟ್ಟರೆ ಯಾರಿಗೂ ಅನ್ನ ಇಳಿಯುವುದಿಲ್ಲ; ಅದಕ್ಕೆ ಅವರನ್ನು ದೂರಬೇಡಿ. ಫೋನಿನಲ್ಲಿ ಹಣ ಕಟ್ಟಿ ಆಡುತ್ತಿದ್ದಾರೆಯೇ ಎಂದು ಮಾತ್ರ ಗಮನಿಸಿ. ದುಡ್ಡು ಇಟ್ಟವನು ಆಟ ನೋಡುವುದಿಲ್ಲ, ದುಡ್ಡನ್ನೇ ನೋಡುತ್ತಿರುತ್ತಾನೆ.

ಇನ್ನು ಪ್ರಯೋಜನ. ಅಮೆರಿಕದ ಡೇನಿಯಲ್ ವಾನ್ ಎಂಬ ಮನಶ್ಶಾಸ್ತ್ರಜ್ಞ ಹಲವು ವರ್ಷಗಳಿಂದ ಅಭಿಮಾನಿಗಳನ್ನೇ ಅಧ್ಯಯನ ಮಾಡುತ್ತಾ ಬಂದಿದ್ದಾರೆ. ತಮ್ಮ ಊರಿನ ತಂಡವನ್ನು ಹಚ್ಚಿಕೊಂಡವರಲ್ಲಿ ಒಂಟಿತನ ಕಡಿಮೆ ಎಂಬುದು ಅವರಿಗೆ ಮತ್ತೆ ಮತ್ತೆ ಕಂಡಿದೆ. ಆ ತಂಡ ಗೆಲ್ಲಲೇಬೇಕೆಂದೇನೂ ಇಲ್ಲ. ಇಂಗ್ಲೆಂಡಿನ 7,209 ಜನರ ಉತ್ತರಗಳನ್ನು ಇಟ್ಟುಕೊಂಡು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮೈದಾನಕ್ಕೆ ಹೋಗಿ ಆಟ ನೋಡುವವರಲ್ಲಿ ಬದುಕಿನ ಬಗ್ಗೆ ತೃಪ್ತಿ ಹೆಚ್ಚು, ಒಂಟಿತನ ಕಡಿಮೆ ಎಂದು ಕಂಡುಬಂತು. ಮನಸ್ಸು ನೆಟ್ಟಗಿರುವವರೇ ಮನೆಯಿಂದ ಹೊರಟು ಮೈದಾನಕ್ಕೆ ಹೋಗುತ್ತಾರೆ ಎಂದು ನೀವು ವಾದಿಸಬಹುದು. ಸಮೀಕ್ಷೆಗಳ ಮಟ್ಟಿಗೆ ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನನ್ನ ಮಟ್ಟಿಗೆ ಇದೆ. ನಾನು ಹೋದ ದಿನ ನನ್ನ ಮನಸ್ಸು ನೆಟ್ಟಗಿರಲಿಲ್ಲ.

2010ರ ಜನವರಿ 14, ಸಂಕ್ರಾಂತಿ. ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ, ಬ್ಯಾಂಕಿಗೆ ರಜೆ. ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ಮುಂಬೈ ವಿರುದ್ಧ ರಣಜಿ ಫೈನಲ್ ನಡೆಯುತ್ತಿತ್ತು. ಮೊದಲ ಇನ್ನಿಂಗ್ಸ್‌ನಲ್ಲಿ 130ಕ್ಕೆ ಉದುರಿದ್ದ ನಮ್ಮವರಿಗೆ ಗೆಲ್ಲಲು 338 ಬೇಕಿತ್ತು. ಬೇಗ ಮುಗಿಯುತ್ತದೆ, ನೋಡಿಕೊಂಡು ಬರೋಣ ಎಂದು ಹೋದೆ. ಕೂರಲು ಜಾಗವಿರಲಿಲ್ಲ, ಹುಡುಗರು ಮರ ಹತ್ತಿದ್ದರು. ಮನೀಶ್ ಪಾಂಡೆ, ಗಣೇಶ್ ಸತೀಶ್ ಇಬ್ಬರೂ ಗಂಟೆಗಟ್ಟಲೆ ನಿಂತುಬಿಟ್ಟರು. ಪಕ್ಕದಲ್ಲಿ ಕೂತಿದ್ದ, ಗುರುತು ಪರಿಚಯವಿಲ್ಲದ ಯಜಮಾನರೊಬ್ಬರು ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ನನ್ನ ಅಂಗೈಗೆ ಎಳ್ಳು ಬೆಲ್ಲ ಸುರಿದರು. ‘ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡಿ’ ಎಂದರು. ಎಂದವರೇ ಅತ್ತ ತಿರುಗಿ ಮುಂಬೈ ಬೌಲರನ ಏಳು ತಲೆಮಾರನ್ನು ಬೈದರು. ನಮ್ಮ ಮನೆಯಲ್ಲಿ ಹಬ್ಬವಿಲ್ಲ ಎಂದು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ, ತಿಂದೆ. ಕೊಬ್ಬರಿ ಚೂರು ಸ್ವಲ್ಪ ಕಮಟಾಗಿತ್ತು, ಅದೂ ನೆನಪಿದೆ.

ಪಾಂಡೆ 144 ಹೊಡೆದರು. ಅವರಿಬ್ಬರೂ ಔಟಾದ ಮೇಲೆ ಒಬ್ಬೊಬ್ಬರಾಗಿ ಹೊರಟರು. ಕೊನೆಗೆ ಇಪ್ಪತ್ತು ಬೇಕು, ಹತ್ತು ಬೇಕು ಎಂದು ಎಲ್ಲರೂ ಬೆರಳು ಮಡಿಸುತ್ತಾ ಕೂತಿದ್ದೆವು. 331ಕ್ಕೆ ಎಲ್ಲ ಮುಗಿಯಿತು. ಆರು ರನ್. ಯಜಮಾನರು ಕೂರಲು ಹಾಸಿಕೊಂಡಿದ್ದ ಪೇಪರನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ತುರುಕಿಕೊಂಡು, ಒಂದು ಮಾತೂ ಆಡದೆ ನನ್ನ ಭುಜ ತಟ್ಟಿ ಹೋದರು. ಐದು ತಿಂಗಳಿಂದ ನನ್ನ ಭುಜ ತಟ್ಟಿದವರೆಲ್ಲ ಏನಾದರೊಂದು ಸಮಾಧಾನ ಹೇಳಿಯೇ ಹೋಗಿದ್ದರು.

ಮನೆಗೆ ಬಂದು ಪುಣೆಯಲ್ಲಿದ್ದ ಮಗಳಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಆ ಸೋಲನ್ನು ಹೇಳಿಕೊಂಡೆ. ಅಲ್ಲಿಯವರೆಗೆ ನಮ್ಮ ಮಾತೆಲ್ಲ ‘ಊಟ ಆಯಿತೇ, ಬಿ.ಪಿ. ಮಾತ್ರೆ ಆಯಿತೇ’ ಎಂಬಲ್ಲಿಗೆ ನಿಲ್ಲುತ್ತಿತ್ತು. ಅವಳಿಗೆ ಕ್ರಿಕೆಟ್ ಎಂದರೆ ಅಷ್ಟಕ್ಕಷ್ಟೆ. ಆದರೂ ಅಂದಿನಿಂದ ಕರ್ನಾಟಕದ ಪಂದ್ಯವಿದ್ದರೆ ಸ್ಕೋರ್ ನೋಡಿಕೊಂಡೇ ಫೋನ್ ಮಾಡತೊಡಗಿದಳು.

ಹಾಗಾಗಿ ನಿಮ್ಮ ತಂದೆಯವರ ಕೈಯಿಂದ ರಿಮೋಟ್ ಕಿತ್ತುಕೊಳ್ಳಬೇಡಿ. ನನಗೆ ಚಿಂತೆಯೆನಿಸುವುದು ಅವರು ಒಬ್ಬರೇ ನೋಡುತ್ತಾರೆ ಎಂಬುದು. ಕೊನೆಯ ಐದು ಓವರ್ ಪಕ್ಕದಲ್ಲಿ ಕೂತು ‘ಈಗ ಯಾರಿಗೆ ಬೌಲಿಂಗ್ ಕೊಡಬೇಕಿತ್ತು?’ ಎಂದು ಕೇಳಿ ನೋಡಿ. ಹತ್ತಿರದ ಬಡಾವಣೆಯಲ್ಲಿ ಹುಡುಗರ ಲೀಗ್ ಪಂದ್ಯ ನಡೆಯುತ್ತಿದ್ದರೆ ಬೆಳಗಿನ ಹೊತ್ತು ನಡೆಸಿಕೊಂಡು ಹೋಗಿ. ಅಲ್ಲಿ ಅವರ ವಯಸ್ಸಿನವರು ನಾಲ್ಕು ಜನ ಇದ್ದೇ ಇರುತ್ತಾರೆ. ವಿಜಯೋತ್ಸವದ ನೂಕುನುಗ್ಗಲಿಗೆ ಮಾತ್ರ ಬೇಡವೇ ಬೇಡ. 2025ರ ಜೂನ್ 4ರಂದು, ಬೆಂಗಳೂರು ತಂಡ ಐಪಿಎಲ್ ಕಪ್ ಗೆದ್ದ ಮರುದಿನ, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜನ ಸತ್ತರು. ಅಂದಿನಿಂದ ಆ ಕಪ್ಪಿನ ಮಾತು ಬಂದಾಗಲೆಲ್ಲ ನನ್ನ ಬಾಯಿ ಅರ್ಧಕ್ಕೆ ನಿಲ್ಲುತ್ತದೆ.

ಅದರ ಹಿಂದಿನ ರಾತ್ರಿಯದು ಬೇರೆ. ಅಹಮದಾಬಾದಿನ ಫೈನಲ್‌ನಲ್ಲಿ ಪಂಜಾಬಿಗೆ ಕೊನೆಯ ಓವರಿನಲ್ಲಿ 29 ಬೇಕಿತ್ತು. ಹೇಜಲ್‌ವುಡ್‌ನ ಮೊದಲ ಎರಡು ಎಸೆತಗಳಲ್ಲಿ ರನ್ ಬರಲಿಲ್ಲ. ಅಲ್ಲಿಗೆ ಕೊಹ್ಲಿಯ ಕಣ್ಣು ತುಂಬಿತ್ತು. ಹದಿನೆಂಟನೆಯ ಪ್ರಯತ್ನದಲ್ಲಿ ಕಪ್ ಬಂತು. ಪಟಾಕಿ ಸದ್ದಿನ ನಡುವೆ ಫೋನ್ ರಿಂಗಾಯಿತು.

‘ಅಪ್ಪ, ನೋಡಿದಿರಾ? ಆರು ರನ್’ ಎಂದಳು ಮಗಳು. ನಾನು ಆ ಲೆಕ್ಕವನ್ನೇ ಹಾಕಿರಲಿಲ್ಲ. ಆಮೇಲೆ ಮಾತ್ರೆ ಆಯಿತೇ ಎಂದು ಕೇಳಿದಳು. ಆಗಿರಲಿಲ್ಲ.